ಉಸಿರು ಹೊತ್ತು ತರುವ ರೇವಣಪ್ಪ

ಬೆಳಗಿನ ಐದೂವರೆ. ನಾಸಿಕದ ಎದೆರೋಗದ ಆಸ್ಪತ್ರೆಯಲ್ಲಿ ದಾದಿಯರ ಪಾಳಿ ಇನ್ನೂ ಬದಲಾಗಿಲ್ಲ. ರೇವಣಪ್ಪ ಬರಿಗಾಲಲ್ಲಿ ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತಾರೆ. ಆಮ್ಲಜನಕದ ಸಿಲಿಂಡರಿನ ಮುಳ್ಳು ನೋಡುತ್ತಾರೆ, ನಳಿಗೆ ಜೋಡಿಸಿದ ನೀರಿನ ಬಾಟಲಿಗೆ ಕಿವಿ ಕೊಡುತ್ತಾರೆ. ಗುಳ್ಳೆಯೇಳುವ ಸದ್ದು ಹದವಾಗಿದ್ದರೆ ಮುಂದಿನ ಹಾಸಿಗೆ. ಇಲ್ಲವಾದರೆ ತಿರುಪು ಬಿಗಿಯಲು ಸೊಂಟದ ಪಾನಾ ಕೈಗೆ ಬರುತ್ತದೆ.

“ಪೇಶಂಟ್‌ಗೆ ಮಾತಾಡ್ಲಾಕ ದಮ್ ಎಲ್ಲಿರ್ತದ್ರಿ? ಅವರ ಬದ್ಲಿ ಈ ಬಾಟ್ಲಿ ಮಾತಾಡ್ತದ,” ಎನ್ನುತ್ತಾರೆ.

ನಲವತ್ತೈದರ ರೇವಣಪ್ಪ ಬೀದರ ಜಿಲ್ಲೆಯ ಭಾಲ್ಕಿ ಕಡೆಯವರು. ದಿನಕ್ಕೆ ಹದಿನೆಂಟು, ಇಪ್ಪತ್ತು ಸಿಲಿಂಡರ್ ಉರುಳಿಸುತ್ತಾರೆ. ಒಂದೊಂದೂ ಅವರಿಗಿಂತ ಭಾರ.

ಈ ಕೆಲಸ ಅವರು ಹುಡುಕಿಕೊಂಡು ಬಂದದ್ದಲ್ಲ. 1961ರಲ್ಲಿ ಅಣ್ಣ ಶಿವರಾಯನನ್ನು ಔರಂಗಾಬಾದಿನ ಆಸ್ಪತ್ರೆಗೆ ಸೇರಿಸಿದರು. ಕಲ್ಲುಗಣಿಯ ಧೂಳು ಅಣ್ಣನ ಎದೆಯಲ್ಲಿ ಕೂತಿತ್ತು. ಎರಡು ಹಾಸಿಗೆಗೆ ಒಂದೇ ಸಿಲಿಂಡರ್. ಯಾರಿಗೆ ಎಷ್ಟು ಹೊತ್ತು ಎಂದು ಗಡಿಯಾರ ನೋಡಿ ನಳಿ ಬದಲಿಸುವುದನ್ನು ಹಿರಿಯ ಡಾಕ್ಟರೊಬ್ಬರು ರೇವಣಪ್ಪನಿಗೇ ಕಲಿಸಿದರು. ನಾಲ್ಕು ತಿಂಗಳಿಗೆ ಅಣ್ಣ ತೀರಿಕೊಂಡ. ಊರಿಗೆ ಹೊರಟವರನ್ನು ಆ ಡಾಕ್ಟರು ತಡೆದರು.

“‘ಪಕ್ಕದ ಹಾಸಿಗಿಯವ ಇನ್ನೂ ಅದಾನಲ್ಲೋ, ಅವನಿಗೆ ಯಾರು ನೋಡ್ತಾರ?’ ಅಂದ್ರು. ನಿಂತೆ ನೋಡ್ರಿ.” ಮುಂದೆ ಡಾಕ್ಟರಿಗೆ ನಾಸಿಕಕ್ಕೆ ವರ್ಗವಾದಾಗ ರೇವಣಪ್ಪನೂ ಜೊತೆಗೆ ಬಂದರು. ಆ ಡಾಕ್ಟರ ಹೆಸರೆತ್ತಿದರೆ ಇವತ್ತಿಗೂ ಕುಳಿತಲ್ಲಿಂದ ಎದ್ದು ನಿಲ್ಲುತ್ತಾರೆ.

ಹತ್ತು ವರ್ಷದ ಹಿಂದಿನ ಮಾತು, 1968ರ ಆಷಾಢ. ವಾರ್ಡಿನಲ್ಲಿ ಮೂವರು ಆಮ್ಲಜನಕದ ಮೇಲಿದ್ದರು. ಮುಂಬೈಯಿಂದ ಸಿಲಿಂಡರ್ ತರಬೇಕಾದ ಲಾರಿ ಘಾಟಿಯನ್ನೇನೋ ಹತ್ತಿತು, ಆದರೆ ಇಗತಪುರಿಯಲ್ಲಿ ಹಳ್ಳ ಉಕ್ಕಿ ರಸ್ತೆ ಮುಚ್ಚಿತು. ಇಲ್ಲಿ ಉಳಿದಿದ್ದ ಸಿಲಿಂಡರುಗಳು ಸಂಜೆಯವರೆಗೆ ಬಂದರೆ ಹೆಚ್ಚು. ರೈಲು ಮಾತ್ರ ಓಡುತ್ತಿತ್ತು. ಯಾರೂ ಹೇಳುವ ಮೊದಲೇ ರೇವಣಪ್ಪ ಇಗತಪುರಿಗೆ ಬೆಳಗಿನ ಗಾಡಿ ಹತ್ತಿದರು.

ಹಳಿ ಕಾಯಲು ಮಳೆಯಲ್ಲಿ ನಿಂತಿದ್ದ ರೈಲ್ವೆ ಆಳುಗಳ ಮುಂದೆ, ಲಾರಿಯ ಸಿಲಿಂಡರು ಹೊತ್ತು ಕೊಡಿರೆಂದು ಕೈಮುಗಿದರು. “ಒಳಗ ಏನದ ಅಂತ ಕೇಳಿದ್ರು. ಹವಾ ಅಂದೆ. ನಕ್ಕರು. ಹವಾ ಹೊರ್ಲಾಕ ಇಷ್ಟು ಮಂದೀನಾ ಅಂದ್ರು. ನಾಸಿಕದಾಗ ಮೂರು ಜೀವ ಇದಕ್ಕ ಕಾಯ್ಲತ್ತಾವ ಅಂದೆ. ಆಮ್ಯಾಲ ಯಾರೂ ನಗಲಿಲ್ರಿ.”

ಬೊಂಬಿಗೆ ಹಗ್ಗ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ಆರು ಸಿಲಿಂಡರುಗಳನ್ನು ಸ್ಟೇಷನ್ನಿಗೆ ಹೊತ್ತರು. ಗೂಡ್ಸ್ ಗಾಡಿಯ ಗಾರ್ಡು ತನ್ನ ಡಬ್ಬಿಯಲ್ಲೇ ಜಾಗ ಬಿಟ್ಟುಕೊಟ್ಟ. ರೇವಣಪ್ಪ ವಾರ್ಡಿಗೆ ಬಂದಾಗ ನಾಲ್ಕು ಗಂಟೆ. ಕೊನೆಯ ಸಿಲಿಂಡರಿನ ಮುಳ್ಳು ಸೊನ್ನೆಗೆ ತಾಗುವುದರಲ್ಲಿತ್ತು.

ಮೂವರಲ್ಲಿ ಇಬ್ಬರು ಉಳಿದರು. ಮಾಲೇಗಾಂವದ ಮುದುಕ ನೇಕಾರ ಮೂರನೇ ದಿನ ಹೋಗಿಬಿಟ್ಟ. “ಅವ ನಿದ್ದಿ ಮಾಡ್ಕೋತ ಹೋದ. ನಮ್ಮಣ್ಣಗ ಅಷ್ಟೂ ಸಿಗಲಿಲ್ಲ,” ಎನ್ನುತ್ತಾರೆ ರೇವಣಪ್ಪ.

ಉಳಿದವರಲ್ಲಿ ಒಬ್ಬರು ರಾಜೀವಿ. ಪಂಚವಟಿಯಲ್ಲಿ ಗಂಡನೊಡನೆ ಹೋಟೆಲು ನಡೆಸುವ ಉಡುಪಿ ಕಡೆಯವರು. “ಕಣ್ಣು ಬಿಟ್ಟಾಗ ಇವರು ಮಳೆನೀರಿಗೆ ಮೈಯೆಲ್ಲ ಚಂಡಿಯಾಗಿ ನಡುಗ್ತಾ ನಿಂತಿದ್ರು ಮಾರಾಯ್ರೆ. ‘ಅಕ್ಕಾರ, ಈಗ ಮಲಗ್ರಿ’ ಅಂದ್ರು. ಅಷ್ಟು ಒಳ್ಳೆ ನಿದ್ದೆ ನಾನು ಮತ್ತೆ ಮಾಡಿಲ್ಲ,” ಎಂದು ನಗುತ್ತಾರೆ.

ಆ ದಿನಗಳ ಡಾಕ್ಟರು ಈಗಿಲ್ಲ, ಗಾರ್ಡು ಎಲ್ಲಿದ್ದಾನೋ ತಿಳಿಯದು. ಏನಾದರೂ ಆಸೆ ಉಂಟೇ ಎಂದರೆ ರೇವಣಪ್ಪ ವಾರ್ಡಿನ ಬಾಗಿಲು ತೋರಿಸುತ್ತಾರೆ.

“ಅಲ್ಲಿ ಮೂರು ಮೆಟ್ಲ ಅವ ನೋಡ್ರಿ. ಅವು ಒಡದು ಇಳಿಜಾರು ಮಾಡಿದ್ರ ಸಾಕು. ಎಷ್ಟು ಸಾವಕಾಶ ಏರ್ಸಿದ್ರೂ ಸಿಲಿಂಡರ್ ದಡ್ ಅಂತದ. ಇಡೀ ರಾತ್ರಿ ಕೆಮ್ಮಿ ಈಗಷ್ಟೇ ಕಣ್ಣು ಮುಚ್ಚಿದವರಿಗೆ ಎಚ್ಚರಾಗ್ತದ್ರಿ.”