ಮಹಡಿ ಮೇಲಿನ ತಿಪ್ಪವ್ವ

ಶಿವದೇವಿಯವರ ಅಡುಗೆಮನೆಯಲ್ಲಿ ನೀರಿಗೆ ಮೂರು ಜನ್ಮಗಳಿದ್ದವು. ಮೊದಲ ಜನ್ಮದಲ್ಲಿ ಅದು ಅಕ್ಕಿ ತೊಳೆಯುತ್ತಿತ್ತು. ಎರಡನೆಯದರಲ್ಲಿ ಪುಂಡಿಪಲ್ಲೆ ಸೊಪ್ಪಿನ ಮಣ್ಣು ಬಿಡಿಸುತ್ತಿತ್ತು. ಮೂರನೆಯದರಲ್ಲಿ ಬಾಲ್ಕನಿಯ ಕರಿಬೇವಿನ ಬುಡ ಸೇರಿ ಮುಕ್ತಿ ಪಡೆಯುತ್ತಿತ್ತು. ಸೀರೆಗಳ ಕತೆಯೂ ಅದೇ. ಸೀರೆ ಕೌದಿಯಾಗುತ್ತಿತ್ತು, ಕೌದಿ ಹರಿದು ಒಲೆಯ ಮೇಲಿನ ಪಾತ್ರೆ ಇಳಿಸುವ ಬಟ್ಟೆಯಾಗುತ್ತಿತ್ತು, ಕೊನೆಗೆ ನೆಲ ಒರೆಸುತ್ತಿತ್ತು. ಆ ಮನೆಯಲ್ಲಿ ಯಾವ ವಸ್ತುವಿಗೂ ನಿವೃತ್ತಿ ಎಂಬುದೇ ಇರಲಿಲ್ಲ.

‘ಈ ಮನ್ಯಾಗ ರಿಟೈರ್ ಆಗಿರಾಂವ ನಾ ಒಬ್ಬನ,’ ಎನ್ನುತ್ತಿದ್ದರು ಗಂಡ ಅಮರೇಶಪ್ಪ. ಸರಕಾರಿ ಗೋದಾಮೊಂದರಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು.

‘ನಿಮ್ಮನ್ನರ ಎಲ್ಲಿ ಬಿಟ್ಟೀನಿ? ಕೊತ್ತಂಬರಿ ಸೋಸಾಕ ಕುಂದ್ರಿಸಿಲ್ಲೇನು?’ ಎನ್ನುತ್ತಿದ್ದರು ಶಿವದೇವಿ.

ಮಾನ್ವಿ ಕಡೆಯ ಈ ದಂಪತಿ ಹೈದರಾಬಾದಿಗೆ ಬಂದು ಬಹಳ ಕಾಲವಾಗಿತ್ತು. ನಗರದ ಹಳೆಯ ಭಾಗದಲ್ಲಿ ಬಾಡಿಗೆಗಿದ್ದ ಮನೆಗೆ ಪುಟ್ಟ ಹಿತ್ತಲಿತ್ತು, ಹಿತ್ತಲಿನ ಮೂಲೆಯಲ್ಲಿ ತಿಪ್ಪೆಯಿತ್ತು. ಮನೆಯ ಕಸವೆಲ್ಲ ಅಲ್ಲಿ ಬಿದ್ದು, ಕೊಳೆತು, ಗೊಬ್ಬರವಾಗಿ ಮತ್ತೆ ಹೀರೇಬಳ್ಳಿಗೆ ಬರುತ್ತಿತ್ತು. ಎರಡು ಸಾವಿರದ ಮೂರರಲ್ಲಿ ಮಿಯಾಪುರದ ಹೊಸ ಅಪಾರ್ಟ್‌ಮೆಂಟಿಗೆ ಬಂದಾಗ ಹಾಲು ಉಕ್ಕಿಸಿದ್ದಾಯಿತು, ದೇವರ ಜಗಲಿ ಇಟ್ಟಿದ್ದಾಯಿತು. ಮೊದಲ ಅಡುಗೆ ಮುಗಿಸಿದ ಶಿವದೇವಿ ಸಿಪ್ಪೆ ತುಂಬಿದ ಬೋಗುಣಿ ಹಿಡಿದು ಮೂರು ಕೋಣೆಗಳನ್ನೂ ಎರಡು ಸಲ ಸುತ್ತಿ ಬಂದು ನಿಂತರು. ತಿಪ್ಪೆಯೇ ಇಲ್ಲದ ಮನೆ ಅದು.

ಉಳಿದವರು ಕಸವನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ, ಗಂಟು ಹಾಕಿ, ಬಾಗಿಲ ಹಿಡಿಕೆಗೆ ತೂಗುಹಾಕುತ್ತಿದ್ದರು. ವಾಚ್‌ಮನ್ ಹುಸೇನಪ್ಪ ಅವನ್ನೆಲ್ಲ ಒಯ್ದು ಲಾರಿಗೆ ಹಾಕುತ್ತಿದ್ದ. ಅವನು ದೇವದುರ್ಗದ ಕಡೆಯವನು. ಕಟ್ಟಡ ಕಟ್ಟುವ ಕೆಲಸಕ್ಕೆ ಬಂದು, ಕಟ್ಟಿದ ಮೇಲೆ ಕಾಯಲು ನಿಂತವನು.

‘ಲಾರಿ ಎಲ್ಲಿಗೆ ಹೋಗತೈತಿ, ಹುಸೇನಪ್ಪ?’

‘ಊರ ಹೊರಗ, ಅಮ್ಮಾರ.’

‘ಊರ ಹೊರಗಂದ್ರ ಇನ್ನೊಬ್ಬರ ಊರ ಒಳಗ ಅಲ್ಲೇನು?’

ಹುಸೇನಪ್ಪ ತಲೆ ಕೆರೆದುಕೊಂಡ. ಮರುದಿನ ಬೆಳಿಗ್ಗೆ ಶಿವದೇವಿ ಗಂಡನನ್ನು ಎಬ್ಬಿಸಿ ಆಟೋ ಹತ್ತಿಸಿ, ಕಸದ ಲಾರಿಯ ಹಿಂದೆ ಬಿಡಲು ಹೇಳಿದರು. ಗಚ್ಚಿಬೌಲಿಯ ಕಂಪನಿಗಳಿಗೆ ಓಡುವ ಕ್ಯಾಬುಗಳ ನಡುವೆ ನುಸುಳುತ್ತ, ಆಟೋದವನಿಗೂ ಹುರುಪು ಬಂತು. ‘ಲಾರಿ ಮೇ ಕೌನ್ ಹೈ, ಅಮ್ಮಾ?’ ಲಾರಿಯಲ್ಲಿ ಯಾರಿದ್ದಾರೆ ಎಂದು ಕೇಳಿದ.

‘ಹಮಾರೇ ತುರಯೀ ಕಾ ಛಿಲ್ಕಾ,’ ಎಂದರು ಶಿವದೇವಿ. ನಮ್ಮ ಹೀರೇಕಾಯಿ ಸಿಪ್ಪೆ.

ಆಟೋದವನು ಕನ್ನಡಿಯಲ್ಲಿ ಅಮರೇಶಪ್ಪನವರನ್ನು ನೋಡಿದ. ಅಮರೇಶಪ್ಪ ರಸ್ತೆ ನೋಡಿದರು.

ಲಾರಿ ನಿಂತದ್ದು ಒಂದು ಕಾಲದಲ್ಲಿ ಕೆರೆಯಾಗಿದ್ದ ಜಾಗದಲ್ಲಿ. ಈಗ ಅಲ್ಲಿ ಕವರುಗಳ ಗುಡ್ಡವಿತ್ತು. ಪ್ರತಿಯೊಂದು ಕವರಿನ ಬಾಯಿಗೂ ಬಿಗಿಯಾದ ಗಂಟು. ಒಳಗಿನ ಸಿಪ್ಪೆ ಮಣ್ಣಿಗೆ ಸೇರುವಂತಿರಲಿಲ್ಲ, ದನದ ಬಾಯಿಗೂ ಸಿಗುವಂತಿರಲಿಲ್ಲ. ಹೊಲದಲ್ಲಿ ಹುಟ್ಟಿದ್ದು ಮರಳಿ ಹೊಲ ಕಾಣದೆ, ತನ್ನ ಬೆವರಿನಲ್ಲೇ ಉಸಿರುಗಟ್ಟಿ ಕುಳಿತಿತ್ತು. ಹಿಂತಿರುಗುವ ದಾರಿಯುದ್ದಕ್ಕೂ ಶಿವದೇವಿ ಮಾತಾಡಲಿಲ್ಲ. ಅಮರೇಶಪ್ಪನವರಿಗೆ ಭಯವಾದದ್ದು ಆಗಲೇ.

ಅಂದು ಸಂಜೆಯೇ ಕುಂಬಾರರಿಂದ ಐದು ದೊಡ್ಡ ಗಡಿಗೆಗಳು ಬಂದವು. ಹುಸೇನಪ್ಪ ಅವುಗಳ ಬುಡಕ್ಕೆ ತೂತು ಕೊರೆದು ಕಟ್ಟಡದ ತುದಿಯ ಬಯಲು ಮಹಡಿಗೆ ಹೊತ್ತ. ಸಿಪ್ಪೆಯ ಮೇಲೆ ಒಣ ಎಲೆ, ಎಲೆಯ ಮೇಲೆ ಒಂದು ಹಿಡಿ ಮಣ್ಣು, ಮೇಲೊಂದು ಹಳೆಯ ಬಟ್ಟೆ. ಐದು ಗಡಿಗೆ ಸೇರಿ ಒಂದು ತಿಪ್ಪೆ. ಮೂರು ವರ್ಷ ಅದು ಸದ್ದಿಲ್ಲದೆ ದುಡಿಯಿತು. ಮಹಡಿಯ ಮೇಲೆ ಬದನೆ, ಮೆಣಸಿನಕಾಯಿ ತೂಗಿದವು. ದಿನವೂ ಬೆಳಿಗ್ಗೆ ಗಡಿಗೆಯ ಬಟ್ಟೆ ಸರಿಸಿ ಕೈಯಾಡಿಸುವುದು ಶಿವದೇವಿಯವರಿಗೆ ಮಗುವಿನ ಹಣೆ ಮುಟ್ಟಿ ನೋಡಿದಂತೆ.

ನಾಲ್ಕನೆಯ ವರ್ಷ ಗಡಿಗೆಗಳ ನೇರ ಕೆಳಗಿನ ಫ್ಲಾಟಿಗೆ ವಿಜಯಕುಮಾರ ಬಂದ. ಬೀದರಿನವನು, ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಬೇರೆ ಯಾರೂ ಒಪ್ಪದ ಕಾರಣ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯೂ ಅವನೇ ಆದ. ಒಂದು ದಿನ ಶಿವದೇವಿಯವರ ಬಾಗಿಲಿಗೆ ಬಂದು ನಿಂತ.

‘ಕಾಕು, ಕಂಪ್ಲೇಂಟ್ ಬಂದದರಿ. ಸಂಜಿಮುಂದ ಭಾಳ ವಾಸನಿ ಬರ್ಲಿಕತ್ತದ.’

‘ಜೀಡಿಮೆಟ್ಲಾ ಫ್ಯಾಕ್ಟರಿ ಕಡಿಂದ ಗಾಳಿ ಬೀಸಿದಾಗ ಬರತೈತಪ್ಪ ಅದು. ಔಷಧದ ವಾಸನಿ. ನನ್ನ ತಿಪ್ಪಿದು ಮಳಿ ಬಂದಾಗಿನ ಮಣ್ಣಿನ ವಾಸನಿ. ಮ್ಯಾಲ ಬಂದು ಮೂಸಿ ನೋಡು.’

‘ಮೂಸಿ ನೋಡೂ ಪ್ರಶ್ನಿ ಅಲ್ಲರಿ. ಮೀಟಿಂಗಿನ್ಯಾಗ ಪಾಸ್ ಆಗೇದ.’

‘ನೀ ಮೂಸದನ ಪಾಸ್ ಮಾಡಿದ್ಯೇನು?’

ವಿಜಯಕುಮಾರ ಒಳ್ಳೆಯವನು, ನಾಚಿಕೊಂಡ. ಆದರೆ ನೋಟಿಸು ಕೊಟ್ಟೇ ಹೋದ. ದೀಪಾವಳಿ ಕಳೆದ ಮೇಲಿನ ಭಾನುವಾರದೊಳಗೆ ಗಡಿಗೆಗಳನ್ನು ತೆಗೆಯತಕ್ಕದ್ದು, ಇಲ್ಲವಾದರೆ ವಾಚ್‌ಮನ್ ತೆಗೆಯುತ್ತಾನೆ.

ಆ ವಾರ ಶಿವದೇವಿಯವರಿಗೆ ಊಟ ರುಚಿಸಲಿಲ್ಲ. ಬದನೆಕಾಯಿ ಹೆಚ್ಚುವಾಗ ತೊಟ್ಟು ಕೈಯಲ್ಲಿ ಹಿಡಿದು, ಇನ್ನು ಇದನ್ನು ಎಲ್ಲಿಡಲಿ ಎಂದು ನಿಂತುಬಿಡುತ್ತಿದ್ದರು. ಗಂಟು ಕಟ್ಟಿದ ಕವರುಗಳ ಆ ಗುಡ್ಡ ಕಣ್ಣಿಗೆ ಕಟ್ಟುತ್ತಿತ್ತು. ‘ಒಂದು ಕವರ್ ಹೆಚ್ಚಾದ್ರ ಗುಡ್ಡಕ್ಕೇನು ಗೊತ್ತಾಗತೈತಿ?’ ಎಂದರು ಅಮರೇಶಪ್ಪ, ಸಮಾಧಾನಕ್ಕೆ.

‘ಗುಡ್ಡಕ್ಕ ಗೊತ್ತಾಗೂದಿಲ್ಲರಿ. ನನಗ ಗೊತ್ತಾಗತೈತಿ.’

ಪಾಡ್ಯದ ಸಂಜೆ ಬಂತು. ಅವರ ಊರಿನ ಕಡೆ ಅಂದು ತಿಪ್ಪೆಗೂ ದೀಪ ಇಡುತ್ತಾರೆ. ಮನೆಗೆ ಅನ್ನ ಬರುವುದು ಹೊಲದಿಂದ, ಹೊಲಕ್ಕೆ ಬಲ ಬರುವುದು ತಿಪ್ಪೆಯಿಂದ. ಹಾಗಾಗಿ ಅವಳೂ ಲಕ್ಷ್ಮಿಯೇ, ಹೆಸರು ಮಾತ್ರ ತಿಪ್ಪವ್ವ. ಶಿವದೇವಿ ಪ್ರತಿ ವರ್ಷದಂತೆ ಗಡಿಗೆಗಳಿಗೆ ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಒಂದೊಂದಕ್ಕೂ ಒಂದು ಹಣತೆ ಇಟ್ಟರು. ಕೊನೆಯ ವರ್ಷದ ದೀಪವೆಂದು ಎಣ್ಣೆ ಸ್ವಲ್ಪ ಹೆಚ್ಚೇ ಹಾಕಿದರು.

ಭಾನುವಾರ ಬೆಳಿಗ್ಗೆ ವಿಜಯಕುಮಾರ ಹುಸೇನಪ್ಪನನ್ನು ಕರೆದುಕೊಂಡು ಮಹಡಿ ಹತ್ತಿದ. ಶಿವದೇವಿ ಬಾಗಿಲ ಬಳಿ ನಿಂತಿದ್ದರು. ಹುಸೇನಪ್ಪ ಗಡಿಗೆಗಳನ್ನು ನೋಡಿದ. ಕುಂಕುಮ ನೋಡಿದ, ಎಣ್ಣೆ ಇನ್ನೂ ಆರದ ಹಣತೆ ನೋಡಿದ. ಚಪ್ಪಲಿ ಕಳಚಿ, ಅದನ್ನು ಒಯ್ದು ಮೆಟ್ಟಿಲ ಮೇಲಿಟ್ಟು ಬಂದು ಕೈಮುಗಿದ.

‘ಎತ್ತೋ,’ ಎಂದ ವಿಜಯಕುಮಾರ.

‘ದೀಪ ಇಟ್ಟ ತಿಪ್ಪಿ ಎತ್ತಾಂಗಿಲ್ಲರಿ ಸಾರ್.’

‘ಯಾರು ಹೇಳ್ಯಾರ?’

‘ನಮ್ಮವ್ವ ಹೇಳ್ಯಾಳ್ರಿ.’

‘ನಿಮ್ಮವ್ವ ಈ ಸಂಘದ ಮೆಂಬರ್ ಏನು?’

‘ಅಲ್ಲರಿ. ಆದ್ರ ಆಕಿಗೆ ಎದುರು ಮಾತಾಡಿ ನಾ ಎಲ್ಲಿಗೆ ಹೋಗಲಿ? ನೀವ ಎತ್ತರಿ ಸಾರ್, ನಾ ಬ್ಯಾಡ ಅನ್ನೂದಿಲ್ಲ.’

ವಿಜಯಕುಮಾರ ಎರಡು ಹೆಜ್ಜೆ ಮುಂದೆ ಹೋದ. ಬೀದರಿನಲ್ಲೂ ಅವನಿಗೊಬ್ಬ ಅವ್ವ ಇದ್ದಳು. ಕುಂಕುಮ ನೋಡಿ ನಿಂತ. ಅಷ್ಟರಲ್ಲಿ ಬಟ್ಟೆ ಒಣಹಾಕಲು ಬಂದ ಸುಹಾಸಿನಿ, ಇದೇನೆಂದು ಕೇಳಿದಳು. ನಾರಾಯಣಪೇಟೆಯ ಹುಡುಗಿ, ಮನೆಮಾತು ಕನ್ನಡ, ಕೆಲಸ ಕಂಪ್ಯೂಟರಿನ ಮುಂದೆ, ಕನಸು ಅಮೆರಿಕದ ವೀಸಾ.

‘ಅಮ್ಮವಾರು,’ ಎಂದ ಹುಸೇನಪ್ಪ, ಇಲ್ಲಿ ದೇವಿಗೆ ಹೇಳುವ ಮಾತಿನಲ್ಲೇ. ‘ಭಾಳ ಸತ್ಯುಳ್ಳ ಅಮ್ಮವಾರು.’

ಸುಹಾಸಿನಿ ಒದ್ದೆ ಬಟ್ಟೆಯ ಬಕೆಟನ್ನು ಕೆಳಗಿಟ್ಟು ಮೂರು ಸುತ್ತು ಬಂದಳು.

ಗಡಿಗೆಗಳು ಉಳಿದವು. ಅಂದು ಮಧ್ಯಾಹ್ನ ಶಿವದೇವಿ ಎರಡು ರೊಟ್ಟಿ ಹೆಚ್ಚು ತಿಂದರು. ಆದರೆ ಸಂಜೆ ಸಿಪ್ಪೆಯ ಬೋಗುಣಿ ಹಿಡಿದು ಮೇಲೆ ಹೋದರೆ ಅಲ್ಲಿ ಎದುರು ಬ್ಲಾಕಿನ ವೇದವತಿ ಕರ್ಪೂರ ಹಚ್ಚಿ ನಿಂತಿದ್ದಳು. ಬೋಗುಣಿ ನೋಡಿ ಗಾಬರಿಯಾದಳು.

‘ಅಮ್ಮವಾರಿ ಮೀದ ಚೆತ್ತ ವೇಸ್ತಾರಾ, ಆಂಟೀ?’

ದೇವಿಯ ಮೇಲೆ ಕಸ ಹಾಕುತ್ತೀರಾ ಎಂಬ ಪ್ರಶ್ನೆ ಅದು. ಶಿವದೇವಿ ಬೋಗುಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಳಿದರು.

ಮರುದಿನ ಗಡಿಗೆಗಳ ಮೇಲೆ ಕೆಂಪು ರವಿಕೆ ಕಣಗಳು ಹರಡಿದ್ದವು. ಮೂರನೆಯ ದಿನ ಯಾರೋ ಸುತ್ತ ಹಗ್ಗ ಕಟ್ಟಿದರು. ವಾರದೊಳಗೆ ಊದುಬತ್ತಿಯ ಪ್ಯಾಕೆಟ್ಟು, ಕುಂಕುಮದ ಪ್ಲಾಸ್ಟಿಕ್ ಪೊಟ್ಟಣ, ಬಾಳೆಹಣ್ಣು ತಂದ ಕವರು ಎಲ್ಲವೂ ದೇವಿಯ ಪಾದದಲ್ಲಿ ಬಿದ್ದಿದ್ದವು. ವೀಸಾ ಬೇಕಾದವರು ಹನ್ನೊಂದು ಸುತ್ತು, ಪ್ರಮೋಷನ್ ಬೇಕಾದವರು ಐದು. ಶಿವದೇವಿಯವರ ಅಡುಗೆಮನೆಯಲ್ಲಿ ಸಿಪ್ಪೆ ಬಕೆಟ್ಟು ತುಂಬಿ, ಬಕೆಟ್ಟು ಸಾಲದೆ ಟಬ್ಬು ತುಂಬಿ, ಈಗ ನಿಜವಾಗಿಯೂ ವಾಸನೆ ಬರತೊಡಗಿತು.

‘ನೋಟಿಸಿನಿಂದ ತಿಪ್ಪಿ ಉಳಿಸಿಕೊಂಡಿ,’ ಎಂದರು ಅಮರೇಶಪ್ಪ ಮೂಗಿಗೆ ಟವೆಲ್ ಹಿಡಿದು, ‘ಭಕ್ತರಿಂದ ಹೆಂಗ ಉಳಿಸಿಕೊಂತಿ?’

‘ನಗಬ್ಯಾಡ್ರಿ. ಇವತ್ತು ಒಂದು ಕವರ್ ತೊಗೊಂಡು ಗಂಟು ಹಾಕೀನಿ. ಬಾಗಲಕ್ಕ ಹಾಕಾಕ ಮನಸ್ಸು ಬರವಲ್ಲದು.’

ಟವೆಲ್ ಕೆಳಗಿಳಿಯಿತು. ಒಲೆಯ ಪಕ್ಕದಲ್ಲಿ ಗಂಟು ಕಟ್ಟಿದ ಕವರು ಕೂತಿತ್ತು. ಮೂರು ವರ್ಷದಲ್ಲಿ ಮೊದಲನೆಯದು.

‘ಇಲ್ಲದ್ದು ಹೇಳಿ ದೇವರನ್ನ ಮಾಡಿಲ್ಲಲ್ಲ ನೀನು,’ ಎಂದರು ಅಮರೇಶಪ್ಪ, ಈ ಸಲ ನಗದೆ. ‘ಆಕಿ ದೇವರ ಹೌದು. ಆದ್ರ ಆಕಿಗೆ ಏನು ಉಣಸಬೇಕು ಅಂತ ಇವರಿಗೆ ಯಾರರ ಹೇಳ್ಯಾರೇನು?’

ಶುಕ್ರವಾರ ಬೆಳಿಗ್ಗೆ ಶಿವದೇವಿ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟರು. ಕವರಿನ ಗಂಟು ಬಿಚ್ಚಿ, ಒಳಗಿದ್ದದ್ದನ್ನು ಹಿತ್ತಾಳೆಯ ತಟ್ಟೆಗೆ ಸುರಿದರು. ಹೀರೇಕಾಯಿ ಸಿಪ್ಪೆ, ಚಹಾದ ಚರಟ, ಬಾಡಿದ ಮೆಂತ್ಯದ ದಂಟು. ಆ ತಟ್ಟೆಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು ಮಹಡಿ ಹತ್ತಿದರು. ಮೇಲೆ ಏಳೆಂಟು ಹೆಂಗಸರು ಇದ್ದರು, ವಿಜಯಕುಮಾರನ ಹೆಂಡತಿ ಅನುರಾಧಾಳೂ ಇದ್ದಳು. ಸುಹಾಸಿನಿ ಒಂಬತ್ತನೆಯ ಸುತ್ತಿನಲ್ಲಿದ್ದಳು. ಶಿವದೇವಿ ಹಗ್ಗ ದಾಟಿ, ಕೆಂಪು ಕಣ ಸರಿಸಿದರು.

‘ಸುಹಾಸಿನಿ, ಬಾರವ್ವ ಇಲ್ಲಿ. ಒಳಗ ಕೈ ಹಾಕು.’

‘ನಾನಾ? ಅಯ್ಯ, ಆಂಟಿ...’

‘ವೀಸಾ ಕೇಳಾಕ ಬಾಯಿ ಐತಿ, ಹಣಿ ಮುಟ್ಟಾಕ ಕೈ ಇಲ್ಲೇನು?’

ಸುಹಾಸಿನಿ ಕಣ್ಣು ಮುಚ್ಚಿ ಮೊಣಕೈವರೆಗೆ ಕೈ ಇಳಿಸಿದಳು. ‘ತಣ್ಣಗದರಿ,’ ಎಂದಳು.

‘ತಣ್ಣಗ ಇರದ ಏನ್ ಮಾಡ್ಯಾಳು. ಹನ್ನೆರಡು ದಿನ ಆತು ಉಪಾಸ ಕೆಡವೀರಿ ಆಕಿನ್ನ. ಹೊಟ್ಟಿ ತುಂಬಿದ ತಿಪ್ಪವ್ವ ಬೆಚ್ಚಗ ಇರತಾಳ, ಜ್ವರ ಬಂದ ಕೂಸಿನಂಗ.’ ಶಿವದೇವಿ ಕಾಲ ಬಳಿಯ ಪ್ಲಾಸ್ಟಿಕ್ ಕವರುಗಳನ್ನು ತೋರಿಸಿದರು. ‘ಹಣ್ಣು ನೀವು ತಿಂದು, ಕವರ್ ಆಕಿಗೆ ಇಟ್ಟೀರಿ. ಆಕಿ ಉಣ್ಣೂದು ಸಿಪ್ಪಿ. ಹಣ್ಣು ನಿಮಗಿರಲಿ. ಸಿಪ್ಪಿ ತರ್ರಿ.’

ವೇದವತಿಗೆ ಇದನ್ನೆಲ್ಲ ಸುಹಾಸಿನಿ ತೆಲುಗಿನಲ್ಲಿ ಹೇಳಿದಳು. ಶಿವದೇವಿ ಆ ತಟ್ಟೆಯನ್ನು ಕಣ್ಣಿಗೊತ್ತಿಕೊಂಡು ಮೊದಲ ಗಡಿಗೆಗೆ ಸುರಿದರು. ಅದನ್ನು ನೋಡಿದ ವೇದವತಿ ತಾನು ತಂದ ಬಾಳೆಹಣ್ಣನ್ನು ಅಲ್ಲೇ ಸುಲಿದು, ಹಣ್ಣನ್ನು ಅನುರಾಧಾಳ ಕೈಗಿತ್ತು, ಸಿಪ್ಪೆಯನ್ನು ದೇವಿಗೆ ಹಾಕಿ ಕೈಮುಗಿದಳು.

‘ಸಣ್ಣಗ ಹೆಚ್ಚಿ ತರಬೇಕವ್ವ,’ ಎಂದರು ಶಿವದೇವಿ. ‘ಆಕಿಗೆ ಹಲ್ಲಿಲ್ಲ.’

ಮರುದಿನದಿಂದ ಲಿಫ್ಟಿನಲ್ಲಿ ಸ್ಟೀಲ್ ಡಬ್ಬಿಗಳು ಏರತೊಡಗಿದವು. ಬಾಗಿಲ ಹಿಡಿಕೆಗಳಿಂದ ಕವರುಗಳು ಒಂದೊಂದಾಗಿ ಮಾಯವಾದವು. ಆದರೆ ಭಕ್ತಿ ಬಂದರೆ ಅಳತೆ ಎಲ್ಲಿರುತ್ತದೆ? ನಾಲ್ಕೇ ದಿನದಲ್ಲಿ ಐದೂ ಗಡಿಗೆ ಕಂಠಮಟ್ಟ ತುಂಬಿ, ತಿಪ್ಪವ್ವನಿಗೆ ಅಜೀರ್ಣವಾಗಿ, ಈ ಸಲ ವಿಜಯಕುಮಾರನ ಮೂಗಿಗೆ ಬಂದ ವಾಸನೆ ಜೀಡಿಮೆಟ್ಲಾದ್ದಾಗಿರಲಿಲ್ಲ. ಮಹಡಿ ಹತ್ತಿ ಬಂದ.

‘ಕಾಕು, ಈಗ ನಾ ಯಾರ ಮ್ಯಾಲ ಕಂಪ್ಲೇಂಟ್ ಕೊಡ್ಲಿ? ನಮ್ಮ ಅನುರಾಧಾ ದಿನಾ ಎರಡು ಡಬ್ಬಿ ತರ್ಲಿಕತ್ತಾಳ.’

‘ಹಸಿ ಸಿಪ್ಪಿ ಹೆಚ್ಚಾಗೇತಿ. ಒಣ ಎಲಿ ಬೇಕು. ಎಲ್ಲೆರ ಸಿಗತೈತೇನು?’

ಅವನು ಯೋಚಿಸಿದ. ಕಂಪನಿಯ ತೋಟದಲ್ಲಿ ದಿನಾ ಬೆಳಿಗ್ಗೆ ಎಲೆ ಗುಡಿಸಿ ಬೆಂಕಿ ಹಚ್ಚುತ್ತಾರೆ ಎಂಬುದು ಅವನಿಗೆ ನೆನಪಾಯಿತು. ಮರುದಿನ ಸಂಜೆ ಗಚ್ಚಿಬೌಲಿಯಿಂದ ಬಂದ ಕ್ಯಾಬಿನಲ್ಲಿ ಐವರು ಇಂಜಿನಿಯರುಗಳು ಮೊಣಕಾಲ ಮೇಲೆ ಒಂದೊಂದು ಗೋಣಿಚೀಲ ಒಣ ಎಲೆ ಇಟ್ಟುಕೊಂಡು ಬಂದು, ಸೀನುತ್ತ ಇಳಿದರು. ವಿಜಯಕುಮಾರನ ತಲೆಯಲ್ಲಿ ಎರಡು ಬಾದಾಮಿ ಎಲೆ ಸಿಕ್ಕಿದ್ದವು.

ಮುಂದಿನ ಶುಕ್ರವಾರ ಸುಹಾಸಿನಿ ಒಬ್ಬಳೇ ಮೇಲೆ ಬಂದಳು. ವೀಸಾ ಸಿಕ್ಕಿರಲಿಲ್ಲ. ಸುತ್ತು ಹಾಕದೆ ನೇರವಾಗಿ ಬಂದು ಕುಳಿತಳು.

‘ಹನ್ನೊಂದು ಸುತ್ತು ಹಾಕಿದ್ದೆ, ಆಂಟಿ.’

‘ವೀಸಾ ಗೀಸಾ ಆಕಿಗೆ ತಿಳಿಯಂಗಿಲ್ಲವ್ವ. ಆಕಿಗೆ ಬರೋ ವಿದ್ಯಾ ಒಂದ. ಹಾಳಾಗಿದ್ದನ್ನ ಮಣ್ಣು ಮಾಡೂದು.’

ಸುಹಾಸಿನಿ ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ತಾನಾಗಿಯೇ ತೋಳು ಏರಿಸಿ ನಡುವಿನ ಗಡಿಗೆಗೆ ಕೈ ಇಳಿಸಿದಳು. ಎಲೆಯ ಪದರ, ಅದರ ಕೆಳಗೆ ಮೆತ್ತನೆಯ ಕಪ್ಪು.

‘ಬೆಚ್ಚಗದರಿ,’ ಎಂದಳು.

‘ಹೌದಲ್ಲ? ಹಂಗಾರ ಆ ಮೂಲ್ಯಾಗಿನ ಗಡಿಗಿನೂ ಒಂದೀಟು ನೋಡಿಬಿಡು,’ ಎಂದರು ಶಿವದೇವಿ, ಬದನೆಗಿಡಕ್ಕೆ ನೀರು ಹನಿಸುತ್ತ. ‘ನಿನ್ನಿ ಆಕಿಗೆ ಯಾರೋ ಇಡೀ ಕುಂಬಳಕಾಯಿ ಸಿಪ್ಪಿ ತಿನ್ನಿಸ್ಯಾರ.’