ದೀಪದ ದಿನದ ಎರಡು ಕದಳಿ

ಮಡಂತ್ಯಾರಿನಲ್ಲಿ ನನ್ನ ಬಾಳೆಹಣ್ಣಿನ ಅಂಗಡಿಯ ಪಕ್ಕದಲ್ಲೇ ನೋಣಯ್ಯಣ್ಣ ಬಟ್ಟೆ ಹೊಲಿಯುತ್ತಾರೆ. ಇಡೀ ದಿನ ಮೆಷಿನ್ ತುಳಿದರೂ ಒಂದು ಅಡಿ ಮುಂದೆ ಹೋಗದ ಮನುಷ್ಯ. ಪ್ರತಿ ತಿಂಗಳ ಸಂಕ್ರಮಣದ ಸಂಜೆ ಮಾತ್ರ ಅವರು ತುಳಿದದ್ದಕ್ಕೆ ದಾರಿ ಸಾಗುತ್ತದೆ. ಅಂದು ನಾಲ್ಕು ಗಂಟೆಗೆ ಅಂಗಡಿಗೆ ಬೀಗ ಹಾಕಿ, ಎಣ್ಣೆಯ ಬಾಟಲಿಯನ್ನು ಸೈಕಲ್ ಹ್ಯಾಂಡಲಿಗೆ ಕಟ್ಟಿ, ಆರು ಕಿಲೋಮೀಟರ್ ಆಚೆ ಗುಡ್ಡದ ಮೇಲಿರುವ ಕುಟುಂಬದ ದೈವಕ್ಕೆ ದೀಪ ಇಡಲು ಹೋಗುತ್ತಾರೆ. ಊರಿನವರು ಅವರನ್ನು ಅಳತೆ ಟೇಪು ಇಲ್ಲದೆ ನೋಡುವುದು ಆ ಒಂದು ದಿನವೇ.

ಈ ಕೆಲಸ ಸೋದರಮಾವ ಜತ್ತಪ್ಪನಿಂದ ಬಂದದ್ದು. ಅವರು ತೀರಿಹೋಗಿ ಬಹಳ ಕಾಲವಾಯಿತು. ಆದರೆ ಕೆಲಸದ ಬೆನ್ನಿಗೇ ಅವರು ಕೊಟ್ಟ ಕಟ್ಟಳೆ ಉಳಿದಿತ್ತು: ಬೆಳಗ್ಗಿನ ಗಂಜಿಯ ನಂತರ ದೀಪ ಇಡುವವರೆಗೆ ಏನೂ ತಿನ್ನಬಾರದು. ಮೂವತ್ತರ ಹೊಟ್ಟೆ ಇದನ್ನು ಕೇಳಿತು. ಅರವತ್ತಮೂರರ ಹೊಟ್ಟೆ ಕೇಳಲಿಲ್ಲ. ಕಳೆದ ಸಲ ಕೊನೆಯ ಏರಿನಲ್ಲಿ ಕಣ್ಣು ಕತ್ತಲೆ ಬಂದು ನೋಣಯ್ಯಣ್ಣ ಸೈಕಲ್ ಸಮೇತ ಚರಂಡಿಗೆ ಉರುಳಿದರು. ಎಣ್ಣೆ ಚೆಲ್ಲಿತು. ತಂಗಿಯ ಮಗ ರಂಜಿತ್ ಬೈಕಿನಲ್ಲಿ ಹೋಗಿ ದೀಪ ಇಟ್ಟ. ಇನ್ನೊಮ್ಮೆ ಹೀಗಾದರೆ ದೀಪ ಇನ್ನು ರಂಜಿತನಿಗೇ ಎಂದು ಕುಟುಂಬದ ಯಜಮಾನರು ಹೇಳಿಬಿಟ್ಟರು.

ಮುಂದಿನ ಸಂಕ್ರಮಣ ಹತ್ತಿರ ಬಂದಾಗ ನಾನು ಬಾಯಿ ಹಾಕಿದೆ. "ಮೂರೂವರೆಗೆ ಎರಡು ಹಣ್ಣು ತಿನ್ನಿ ನೋಣಯ್ಯಣ್ಣ. ಒಂದು ಗಂಟೆ ಬಿಟ್ಟು ಏರು ಹತ್ತಿ. ಕಾಲಿಗೆ ಬಲ ಬರ್ತದೆ."

"ಬಾಳೆಹಣ್ಣು ಮಾರುವವ ಮತ್ತೆ ಹಲಸಿನಹಣ್ಣು ತಿನ್ನಿ ಅಂತ ಹೇಳ್ತಾನಾ? ನಿಮಗೆ ವ್ಯಾಪಾರ ಆಗ್ಬೇಕು ಸುಲೈಮಾನ್."

"ನಾನು ವರ್ಷಕ್ಕೊಂದು ತಿಂಗಳು ಉಪವಾಸ ಹಿಡಿಯುವವ ಮಾರಾಯ್ರೆ. ಹಸಿವು ನನಗೂ ಗೊತ್ತುಂಟು. ಆದರೆ ಉಪವಾಸದ ಸಂಜೆ ನಾನು ಗುಡ್ಡಕ್ಕೆ ಸೈಕಲ್ ತುಳಿಯುವುದಿಲ್ಲ."

"ಹೊರಡುವಾಗ ಒಂದು ಚೆಂಬು ಬೆಲ್ಲದ ನೀರು ಕುಡಿತೇನೆ. ಕುಡಿಯುವುದು ತಿಂದ ಹಾಗೆ ಅಲ್ಲವಲ್ಲ."

ನಾನು ನನ್ನ ಅಂಗಡಿಗೆ ತಿರುಗಿದೆ. ತೀರ್ಮಾನ ಮಾಡಿಕೊಂಡೇ ಬಂದ ಗಿರಾಕಿಯ ಹತ್ತಿರ ವಾದಿಸಿದವನು ಅಂಗಡಿ ಇಡಲಾರ.

ಸಂಕ್ರಮಣದಂದು ನಾನು ಕದಳಿ ಗೊನೆ ತರಲು ಸೇಸಕ್ಕನ ಮನೆಗೆ ಹೋಗಿದ್ದೆ. ಆ ಏರು ಶುರುವಾಗುವ ಜಾಗದಲ್ಲೇ ಅವರ ಮನೆ. ಎಂಬತ್ತು ದಾಟಿದ ಹೆಂಗಸು. ದೀಪದ ದಿನ ನೋಣಯ್ಯಣ್ಣ ಅಲ್ಲಿ ಎಂದೂ ಇಳಿದವರಲ್ಲ. ಇಳಿದರೆ ಸೇಸಕ್ಕ ಏನಾದರೂ ತಿನ್ನಲು ಕೊಟ್ಟಾರು ಎಂಬ ಹೆದರಿಕೆ. ಅಂದು ಇಳಿದರು. ಕುಡಿದ ಬೆಲ್ಲದ ನೀರೆಲ್ಲ ಅಂಗಳದ ಬದಿಯಲ್ಲಿ ವಾಂತಿಯಾಗಿ ಹೊರಗೆ ಬಂತು. ಜಗಲಿಯ ಮೆಟ್ಟಿಲಲ್ಲಿ ಕುಸಿದು ಕೂತರು. ಏರು ಇನ್ನೂ ಹಾಗೇ ಉಳಿದಿತ್ತು.

"ಮಧ್ಯಾಹ್ನ ಏನು ಉಂಡದ್ದು ಮಗಾ?" ಸೇಸಕ್ಕ ಕೇಳಿದರು.

"ದೀಪದ ದಿನ ಅಲ್ವಾ ಸೇಸಕ್ಕ. ಉಪವಾಸ. ಮಾವ ಹಾಕಿಕೊಟ್ಟ ಕ್ರಮ."

ಸೇಸಕ್ಕ ನಕ್ಕ ನಗೆಗೆ ಕೋಳಿಗಳು ಚದುರಿದವು. "ಜತ್ತಪ್ಪನಾ? ಇಲ್ಲಿ ಕೂತು ಎರಡು ಕದಳಿ ತಿನ್ನದೆ ಅವನು ಒಂದು ಸಂಕ್ರಮಣವೂ ಮೇಲೆ ಹತ್ತಿದ್ದಿಲ್ಲ! ತಿಂದು ಒಂದು ಗಂಟೆ ಎಲೆ ಅಡಿಕೆ ಜಗೀತಾ ಕೂರ್ತಿದ್ದ. ಕೂಡಲೇ ತುಳಿದರೆ ಹೊಟ್ಟೆ ತಿರುಗ್ತದಂತೆ."

"ಮತ್ತೆ ನನಗೆ ಯಾಕೆ...?"

"ನೀನು ಮೊದಲನೇ ಸಲ ಯಾರದೋ ಮನೆಯ ಕೋಳಿ ಸಾರಿನ ಕೋರಿರೊಟ್ಟಿ ಹೊಡೆದು ಮಲಗಿ, ಕತ್ತಲಾದ ಮೇಲೆ ಎದ್ದು ದೀಪ ಇಡಲು ಓಡಿದ್ದು ನೆನಪುಂಟಾ? ಆ ಕಟ್ಟಳೆ ನಿನಗೊಬ್ಬನಿಗೇ ಮಾಡಿದ್ದು."

ನಗುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಆದರೂ ನಗಲಿಲ್ಲ. ನೋಣಯ್ಯಣ್ಣ ಮೂವತ್ತು ವರ್ಷ ಹಸಿದು ಹತ್ತಿದ ಏರನ್ನೇ ನೋಡುತ್ತಿದ್ದರು. ಮಾವನಿಗೆ ಎರಡು ಮಾತು ಬೈಯುತ್ತಾರೆಂದು ಕಾದೆ.

"ಮಾವ ಎಲ್ಲಿ ಕೂರ್ತಿದ್ದದ್ದು?" ಎಂದು ಮಾತ್ರ ಕೇಳಿದರು.

ಸೇಸಕ್ಕ ಕಂಬದ ಬಳಿಯ ಮೆಟ್ಟಿಲು ತೋರಿಸಿದರು. ನೋಣಯ್ಯಣ್ಣ ಎದ್ದು ಅಲ್ಲಿಗೆ ಹೋಗಿ ಕೂತರು. ಎರಡು ಕದಳಿ ತಿಂದರು, ಬಹಳ ನಿಧಾನವಾಗಿ. ದೀಪಕ್ಕೆ ಒಂದೂವರೆ ಗಂಟೆ ಇತ್ತು. ತಿನ್ನುವುದಕ್ಕಿಂತ ತಿಂದು ಸುಮ್ಮನೆ ಕೂರುವುದೇ ಅವರಿಗೆ ಕಷ್ಟವಾಯಿತು. ಮೂರು ಸಲ ಎದ್ದರು. ಮೂರು ಸಲವೂ ಸೇಸಕ್ಕ "ಕೂರು" ಎಂದು ಗದರಿದರು. ನಾನೂ ಗೊನೆಗಳನ್ನು ಗಾಡಿಗೆ ಹಾಕದೆ ಕೂತೆ.

ಗಂಟೆ ಕಳೆದ ಮೇಲೆ ಹೊರಟರು. ಚರಂಡಿಯ ತಿರುವಿನಲ್ಲಿ ಸೈಕಲ್ ಒಮ್ಮೆ ಓಲಾಡಿತು, ಬೀಳಲಿಲ್ಲ. ಬಳಿಕ ಮರಗಳ ಮರೆಗೆ ಹೋದರು. ನಾವಿಬ್ಬರೂ ಅಂಗಳದಲ್ಲೇ ಕಾದೆವು. ಬೆಳಕು ಕಂದುವ ಹೊತ್ತಿಗೆ ಮೇಲಿನಿಂದ ದೀಪ ಇಟ್ಟು ಬಾರಿಸುವ ಗಂಟೆಯ ಸದ್ದು ಬಂತು. ರಂಜಿತ್ ಇನ್ನೊಂದು ಬಾಟಲಿ ಎಣ್ಣೆ ಹಿಡಿದು ಅಲ್ಲಿ ಕಾದಿದ್ದನಂತೆ. ಅದನ್ನು ಹಾಗೇ ಮನೆಗೆ ವಾಪಸ್ ಕೊಂಡುಹೋದ.

ಈಗ ನೋಣಯ್ಯಣ್ಣ ಸಂಕ್ರಮಣಕ್ಕೆ ಮೂರು ಗಂಟೆಗೇ ಬೀಗ ಹಾಕುತ್ತಾರೆ. ಬುದ್ಧಿ ಹೇಳಿದವನು ನಾನು. ಹಣ್ಣು ಮಾತ್ರ ಸೇಸಕ್ಕನ ಜಗಲಿಯಲ್ಲಿ, ಅದೂ ಪುಕ್ಕಟೆ. ಮೊನ್ನೆ ಕೇಳಿದೆ, "ಮುಂದೆ ರಂಜಿತನಿಗೆ ಯಾವ ಕಟ್ಟಳೆ ಹೇಳ್ತೀರಿ? ಉಪವಾಸದ್ದಾ, ಬಾಳೆಹಣ್ಣಿನದ್ದಾ?"

ಅವರು ಸೂಜಿಗೆ ನೂಲು ಪೋಣಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಅವನು ಒಮ್ಮೆ ಸೈಕಲಿನಲ್ಲಿ ಹತ್ತಲಿ, ನೋಡಿ ಹೇಳ್ತೇನೆ. ಅಳತೆ ತೆಗೆಯದೆ ಹೊಲಿಯುವುದುಂಟಾ ಮಾರಾಯ್ರೆ?"