ಭಜನೆಮನೆಗೆ ಹೋದ ಬೀಸುಕಲ್ಲುಗಳು

ಗೌಡರು ನಮ್ಮ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ್ದರು: "ಆ ಭಜನಿಮನಿಯಿಂದ ಊರಿಗೆ ಏನ್ ಲಾಭ ಐತಿ, ಹೇಳ್ರಿ ನೋಡೋಣು?" ನಾನು ಆಗ ಸಣ್ಣ ಸೊಸೆ. ಸೆರಗು ಹೊದ್ದು ಬಾಗಿಲ ಹಿಂದೆ ನಿಂತಿದ್ದೆ. ಗಂಡಸರ ಮಾತಿನಲ್ಲಿ ಬಾಯಿ ಹಾಕುವ ಹಾಗಿರಲಿಲ್ಲ. ಈಗ ನನ್ನ ಬಾಯಿ ಮುಚ್ಚಿಸುವವರು ಯಾರೂ ಇಲ್ಲ, ಹೇಳುತ್ತೇನೆ. ಲಾಭ ಏನೂ ಇರಲಿಲ್ಲ. ಲಾಭಕ್ಕೆಂದು ಕಟ್ಟಿದ ಮನೆಯೇ ಅದಲ್ಲ.

ನಮ್ಮ ಊರು ಹನುಮಸಾಗರದ ಕಡೆಯದು, ಎರೆಹೊಲದ ಸೀಮೆ. ಗುಡಿಯ ಬಾಜೂಕೆ ಮಣ್ಣಿನ ಮಾಳಿಗೆಯ ಒಂದು ಉದ್ದನೆಯ ಪಡಸಾಲೆ, ಅದೇ ಭಜನೆಮನೆ. ಬಾಗಿಲಿತ್ತು, ಬೀಗವಿರಲಿಲ್ಲ. ಪ್ರತಿ ಮನೆಯ ಹೆಂಗಸೂ ಬೀಸಲು ಕೂಡುವ ಮೊದಲು ಒಂದು ಹಿಡಿ ಜೋಳವನ್ನು ಬೇರೆ ಗಡಿಗೆಗೆ ಹಾಕುತ್ತಿದ್ದಳು. ಅದಕ್ಕೆ ಭಜನಿ ಹಿಡಿ ಎನ್ನುತ್ತಿದ್ದೆವು. ದೀಪದ ಎಣ್ಣೆ, ದಮ್ಮಡಿಗೆ ಹೊಸ ಚರ್ಮ, ಏಕತಾರಿ ಮೀಟಿ ಹಾಡುತ್ತ ಹಾದಿಯಲ್ಲಿ ಹೋಗುವವರಿಗೆ ಒಂದು ಹೊತ್ತಿನ ಊಟ, ಎಲ್ಲ ಅದರಲ್ಲೇ ಆಗುತ್ತಿತ್ತು. ಉಂಡವರು ಒಂದು ಹೊಸ ಪದ ಹಾಡಿ ಕಲಿಸಿ ಮುಂದಿನ ಊರಿಗೆ ಹೋಗುತ್ತಿದ್ದರು.

ಸಂಜೆಗೆ ಭಜನೆ. ಸುಗ್ಗಿ ಮುಗಿದ ಮೇಲೆ ದೊಡ್ಡಾಟದ ತಾಲೀಮು. ಹಗಲೆಲ್ಲ ಎತ್ತಿಗೆ ಬೈಯುತ್ತಿದ್ದ ಗಂಡಸು ಅಲ್ಲಿ ರಟ್ಟಿನ ಕಿರೀಟ ಕಟ್ಟಿಕೊಂಡು ರಾಜನಾಗಿ ನಿಲ್ಲುತ್ತಿದ್ದ. ಮಧ್ಯಾಹ್ನ ಮಾತ್ರ ಅದು ಹೆಂಗಸರದು. ಹಳೆ ಸೀರೆ ತಂದು ಕೌದಿ ಹೊಲಿಯುತ್ತಿದ್ದೆವು. ಅದು ನಿಜಾಮರ ಕಾಲ, ಸರ್ಕಾರಿ ಸಾಲಿಯಲ್ಲಿ ಉರ್ದು ಕಲಿಸುತ್ತಿದ್ದರು. ಕನ್ನಡದ ಅಕ್ಷರ ಬೇಕಾದವರು ಇಲ್ಲಿ ನೆಲದ ಮೇಲೆ ಉಸುಕು ಹರವಿ ಬೆರಳಾಡಿಸಬೇಕಿತ್ತು. ನಾನು ಇದನ್ನು ಬರೆಯುತ್ತಿರುವುದು ಆ ಉಸುಕಿನ ಪುಣ್ಯದಿಂದ. ಎಲ್ಲರೂ ಒಂದೇ ಚಾಪೆಯ ಮೇಲೆ ಕೂಡುತ್ತಿದ್ದರು ಎಂದು ಸುಳ್ಳು ಹೇಳಲಾರೆ. ಕೆಲವು ಕೇರಿಯವರು ಕಟ್ಟೆಯ ಕೆಳಗೇ ನಿಂತು ಕೇಳುತ್ತಿದ್ದರು. ಆದರೆ ಪದ ಮರೆತಾಗ ಕೆಳಗಿನವರೇ ಎತ್ತಿಕೊಡುತ್ತಿದ್ದರು, ಮೇಲಿನವರು ಅದನ್ನೇ ಹಿಡಿದು ಹಾಡುತ್ತಿದ್ದರು. ಅಷ್ಟನ್ನಾದರೂ ದೇವರು ಮಾಡಿಸಿದ.

ನನ್ನ ತವರು ಗಂಗಾವತಿ ಹತ್ತಿರದ ಮರಳಿ ಎಂಬ ಊರು. ಅದು ನೆಲ್ಲಿನ ನಾಡು. ಒನಕೆ ಹಿಡಿದು ಕುಟ್ಟುವುದು ಗೊತ್ತಿತ್ತೇ ಹೊರತು ಜೋಳ ಬೀಸುವುದು ನನಗೆ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಹಿಟ್ಟು ನೋಡಿ ಅತ್ತೆ, "ಇದು ಹಿಟ್ಟೇನವಾ, ನುಚ್ಚೇನು? ಅಕ್ಕಿ ಉಂಡ ಕೈ, ಇಷ್ಟ ಇದರ ಹಣೇಬರಹ" ಎಂದಿದ್ದರು. ನನಗೆ ಬೀಸಲು ಕಲಿಸಿದವಳು ನಾದಿನಿ, ನಮ್ಮ ಮನೆಯವರ ತಂಗಿ. ಕಲ್ಲಿನ ಆ ಕಡೆ ತಾನು ಕೂತು ಗೂಟ ಹಿಡಿದ ನನ್ನ ಕೈಯ ಮೇಲೆ ಕೈಯಿಟ್ಟು, "ವೈನಿ, ತೋಳಿಲೆ ಬೀಸಬ್ಯಾಡ, ಪದದಿಂದ ಬೀಸು" ಎಂದಳು. ಪದ ಎಳೆದಾಗ ಕಲ್ಲನ್ನು ಎಳೆಯಬೇಕು, ಪದ ಇಳಿದಾಗ ಕಾಳು ಹಾಕಬೇಕು. ಆಮೇಲೆ ನನ್ನ ಹಿಟ್ಟು ನುಣ್ಣಗಾಯಿತು. ಅವಳಿಗೆ ಆಗ ಲಗ್ನ ಗೊತ್ತಾಗಿತ್ತು.

ಗಂಡನ ಮನೆಗೆ ಹೋದವಳು ಮೂರನೆಯ ದೀಪಾವಳಿಗೆ ಮುಂಚೆ ಬೋಳು ಹಣೆಯಿಂದ ತಿರುಗಿ ಬಂದಳು. ಉಡಿಕಿ ಮಾಡಿ ಇನ್ನೊಂದು ಮನೆಗೆ ಕೊಡೋಣವೆಂದರೆ ಒಲ್ಲೆ ಎಂದಳು. ಅಡುಗೆಮನೆಯ ಮೂಲೆ ಹಿಡಿದು ಕೂತುಬಿಟ್ಟಳು. ಬೀಸುತ್ತಿದ್ದಳು, ಹಾಡುತ್ತಿರಲಿಲ್ಲ. ಕಲ್ಲಿನ ಗರಗರ ಸಪ್ಪಳವೊಂದೇ ಕೇಳುವ ಮನೆಯಲ್ಲಿ ಬೆಳಗು ಹೇಗೆ ಆಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಒಂದು ಸಂಜೆ ಭಜನಿ ಹಿಡಿಯ ಗಡಿಗೆ ಹೊತ್ತುಕೊಂಡು ನನ್ನ ಜೊತೆ ಬಾ ಎಂದು ಅವಳನ್ನು ಎಬ್ಬಿಸಿದೆ. ಒಳಗೆ ಏಕತಾರಿಯ ಮುದುಕನೊಬ್ಬ ಹಾಡುತ್ತಿದ್ದ. ನಡುವೆ ಸಾಲು ಮರೆತು ತಂತಿಯನ್ನೇ ಮೀಟುತ್ತ ಕೂತ. ಯಾರಿಗೂ ಮುಂದಿನದು ನೆನಪಾಗಲಿಲ್ಲ. ಹೊಸ್ತಿಲ ಹೊರಗೆ ಗಡಿಗೆ ಹಿಡಿದು ನಿಂತಿದ್ದ ನಾದಿನಿ ಅದನ್ನು ಎತ್ತಿಕೊಟ್ಟಳು. ಮಾತಾಡಿದಂತೆ ಅಲ್ಲ, ಹಾಡಿದಂತೆ. ಮುದುಕ ಹಿಂತಿರುಗಿ, "ಒಳಗ ಬಾ ಮಗಳ, ಹೊರಗ ನಿಂತು ಯಾಕ ಹಾಡ್ತೀದಿ?" ಎಂದ. ಆ ಮಾತು ಆಡಿಸಿದ ತಾಯಿಗೆ ನಾನು ಈಗಲೂ ಶುಕ್ರವಾರ ದೀಪ ಹಚ್ಚುತ್ತೇನೆ. ಆ ತಾಯಿ, ಹೇಮಗುಡ್ಡದ ದುರ್ಗಮ್ಮ, ನಮ್ಮ ತವರಿನ ದೇವರು.

ಅಲ್ಲಿಂದ ಮಧ್ಯಾಹ್ನದ ಹೊತ್ತು ಹುಡುಗಿಯರು ಅವಳ ಸುತ್ತ ಕೂಡತೊಡಗಿದರು. ಕೌದಿಗೆ ದಾರ ಹಾಕುತ್ತ ಬೀಸುವ ಪದ, ಕುಟ್ಟುವ ಪದ, ತೊಟ್ಟಿಲ ಪದ ಕಲಿಸಿದಳು. ಅತ್ತೆಗೆ ಸಿಟ್ಟು. "ಗಂಡನ್ನ ಕಳಕೊಂಡಾಕಿ ಊರ ನಡು ಕುಂತು ಹಾಡಿದ್ರ ಮಂದಿ ಏನಂತಾರ?" ಎಂದು ನನ್ನ ಮೇಲೆ ಹಾಯುತ್ತಿದ್ದರು. "ಛಲೋ ಹಾಡ್ತಾಳ ಅಂತಾರ್ರಿ ಅತ್ತಿ" ಎಂದರೆ, "ನಿನ್ನ ಬಾಯಿ ಭಾಳ ಆತು" ಎಂದು ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದರು.

ಯುದ್ಧದ ಕಾಲ ಬಂತು. ಬೆಳೆದ ಜೋಳದಲ್ಲಿ ಪಾಲು ಕೊಡಬೇಕೆಂದು ಸರ್ಕಾರದ ಲೆವಿ ಬಂತು. ಆ ಚೀಲಗಳನ್ನು ಇಡಲು ಜಾಗ ತೋರಿಸುವುದು ಗೌಡರ ಪಾಲಿಗೆ ಬಿತ್ತು. ಅವರ ದನದ ಪಡಸಾಲೆ ನಮ್ಮ ಓಣಿಗಿಂತ ಉದ್ದವಿತ್ತು. ಆದರೂ ಅವರ ಕಣ್ಣು ಬಿದ್ದದ್ದು ಭಜನೆಮನೆಯ ಮೇಲೆ. ಲಾಭದ ಮಾತು ಎತ್ತಿದ್ದು ಆ ದಿನವೇ. "ಯುದ್ಧ ಮುಗಿಯೂತನಕ ಅಷ್ಟ. ನಾಡದು ಬಂಡಿ ಬರ್ತಾವ. ನಾಳಿ ವಾಲಿಕಾರ ಬೀಗ ಹಾಕ್ತಾನ" ಎಂದು ಎದ್ದುಹೋದರು. ನಮ್ಮ ಮನೆಯವರು ಅವರನ್ನು ಓಣಿಯ ತುದಿಯವರೆಗೆ ಕಳಿಸಿ ಬಂದರು. ಗೌಡರ ಹೊಲವನ್ನೇ ನಾವು ಪಾಲಿಗೆ ಮಾಡುತ್ತಿದ್ದೆವು.

ನಾದಿನಿ ಅದನ್ನು ಕೇಳಿ ಕೈಯಲ್ಲಿದ್ದ ಕೌದಿಯನ್ನು ಮಡಿಸಿಟ್ಟಳು. ಅತ್ತಳೇ ಎಂದರೆ ಇಲ್ಲ. ಹೋಗಿ ಅದೇ ಮೂಲೆಯಲ್ಲಿ ಕೂತಳು. ಒಮ್ಮೆ ಬೀಗ ಬಿದ್ದರೆ ಅವಳು ಮತ್ತೆ ಅಲ್ಲಿಂದ ಏಳುವುದಿಲ್ಲ ಎಂದು ನನಗೆ ಗೊತ್ತಾಯಿತು. ಮರುದಿನ ಬೆಳಗ್ಗೆ ಮತ್ತೆ ಬರೀ ಕಲ್ಲಿನ ಸಪ್ಪಳ. ಅತ್ತೆ ಹಾಸಿಗೆಯಲ್ಲಿ ಎದ್ದು ಕೂತು ಆ ಸಪ್ಪಳಕ್ಕೆ ಕಿವಿಗೊಟ್ಟರು.

"ಯಾಕ, ಕಲ್ಲು ಮೂಕಾಗೈತಿ?" ಎಂದರು.

"ಹಾಡೂ ಮನಿಗೆ ಬೀಗ ಹಾಕ್ತಾರಂತಲ್ರಿ" ಎಂದೆ. ಹಿಂದಿನ ದಿನದಿಂದ ತಲೆಯಲ್ಲಿದ್ದುದನ್ನೂ ಹೇಳಿಬಿಟ್ಟೆ: "ಬೀಗ ಬೀಳೂಕಿಂತ ಮೊದಲ ನಾವು ಅಲ್ಲಿ ಬೀಸುಕಲ್ಲು ಇಟ್ಟುಬಿಡೂಣು. ಯಾವ ಗಂಡಸು ಎತ್ತತಾನ ನೋಡೂಣು."

ನಮ್ಮ ಕಡೆ ಗಂಡಸು ಬೀಸುಕಲ್ಲಿಗೆ ಕೈ ಹಚ್ಚುವುದಿಲ್ಲ. ಹಚ್ಚಿದರೆ ಸಾಯುವತನಕ ಊರು ಅದನ್ನೇ ಆಡಿಕೊಂಡು ನಗುತ್ತದೆ. ಅದೂ ಅಲ್ಲದೆ ಅರಿಷಿಣ ಕುಂಕುಮ ಹಚ್ಚಿದ ಕಲ್ಲು ಲಕ್ಷ್ಮಿ. ಅದನ್ನು ಹೊರಗೆ ಎಸೆಯುವ ಧೈರ್ಯ ಯಾರಿಗಿದೆ?

ಅತ್ತೆ ನನ್ನನ್ನು ದಿಟ್ಟಿಸಿದರು. ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಎದ್ದು ಸೀರೆ ಕಚ್ಚೆ ಬಿಗಿದು, ಮೂಲೆಯ ಹಾರೆ ತಂದು, ನೆಲಕ್ಕೆ ಹೂಳಿದ್ದ ತಮ್ಮ ತವರಿನ ಕಲ್ಲನ್ನು ತಾವೇ ಮೀಟತೊಡಗಿದರು. "ಏನ್ ನಿಂತು ನೋಡ್ತೀ? ಕೌದಿ ತಾ. ಇದು ನಮ್ಮಪ್ಪ ಕೊಟ್ಟ ಕಲ್ಲು, ಎಲ್ಲಾರಕಿಂತ ವಜ್ಜಿ ಐತಿ. ಇದನ್ನ ಬಾಗಲದಾಗ ಇಡೂಣು." ನಾವು ಜೋಳಿಗೆಯಂತೆ ಹಿಡಿದ ಕೌದಿಯಲ್ಲಿ ಕಲ್ಲು ಹೊರಟಿದ್ದನ್ನು ಕಂಡು ನಮ್ಮ ಮನೆಯವರು, "ಗೌಡ್ರ ಹೊಲಾ ಹೋತು ಅನ್ರಿ" ಎಂದರು. "ಹೋದ್ರ ಹೋಗ್ಲಿ. ಮಗಳು ಹೋಗಬಾರ್ದು" ಎಂದರು ಅತ್ತೆ.

ಓಣಿಯ ಹೆಂಗಸರು ಒಬ್ಬರನ್ನು ನೋಡಿ ಒಬ್ಬರು ಬಂದರು. ಮೇಲಿನ ಕಲ್ಲು ತಲೆಯ ಸಿಂಬಿಯ ಮೇಲೆ, ಕೆಳಗಿನ ಕಲ್ಲು ಕೌದಿಯಲ್ಲಿ. ಚಾವಡಿಯ ಆಳು ವಾಲಿಕಾರ ಬೀಗ ತಂದಾಗ ಬಾಗಿಲು ಹಾಕಲು ಜಾಗವೇ ಇರಲಿಲ್ಲ. ನಾದಿನಿಯನ್ನು ನಾನು ಕೈಹಿಡಿದು ಕರೆತಂದು ಅತ್ತೆಯ ಕಲ್ಲಿನ ಮುಂದೆ ಕೂಡಿಸಿದೆ. ಅವಳು ತಲೆ ಎತ್ತಲಿಲ್ಲ.

ಮರುದಿನ ಬೆಳಗ್ಗೆ ನಾವು ಅಲ್ಲೇ ಬೀಸುತ್ತ ಕೂತಿದ್ದಾಗ ಬಂಡಿಗಳು ಬಂದವು. ಗೌಡರೂ ಬಂದರು. "ಏನಿದು, ಸಂತಿ ಹೂಡೀರೇನು?"

"ಸಂತಿ ಅಲ್ಲೋ ತಮ್ಮಾ, ಹಿಟ್ಟು ಬೀಸಾಕತ್ತೀವಿ. ನಿಮ್ಮನ್ಯಾಗ ರೊಟ್ಟಿ ತಿನ್ನಂಗಿಲ್ಲೇನು?" ಎಂದರು ಅತ್ತೆ.

ಗೌಡರು ವಾಲಿಕಾರನಿಗೆ, "ಎತ್ತಿ ಹೊರಗ ಇಡು" ಎಂದರು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಗೌಡ್ರ, ನಿಮ್ಮ ಕಾಲು ಬೀಳ್ತೀನಿ. ಇವತ್ತು ಬೀಸುಕಲ್ಲು ಎತ್ತಿದೆ ಅಂದ್ರ ನಾಳಿಂದ ನನ್ನ ಹೇಣ್ತಿ ನನಗ ಬೀಸಾಕ ಹಚ್ತಾಳ. ನೀವು ಮೊದಲು ಕೈ ಹಚ್ರಿ, ಹಿಂದಿನಿಂದ ನಾನೂ ಹಚ್ತೀನಿ." ಬಂಡಿ ಹೊಡೆಯುವವರು ಮುಖ ತಿರುಗಿಸಿ ನಕ್ಕರು. ಗೌಡರು ಕೈ ಹಚ್ಚಲಿಲ್ಲ.

ಅಷ್ಟರಲ್ಲಿ ಲೆವಿ ನೋಡಿಕೊಳ್ಳುವ ಗಿರದಾವರ ಕುಷ್ಟಗಿಯಿಂದ ಕುದುರೆ ಮೇಲೆ ಬಂದಿಳಿದ. "ಏನು ತಮಾಷಾ ಇದು?" ಎಂದ. ಸರ್ಕಾರದವನ ಮುಂದೆ ವಾಲಿಕಾರನ ಹಾಸ್ಯ ನಡೆಯುತ್ತದೆಯೇ? ಅತ್ತೆ ಮಾತ್ರ ಪಕ್ಕದವರ ಕಲ್ಲು ಬೀಸುವುದನ್ನು ನಿಲ್ಲಿಸದೆ, ಮುಖದ ಮೇಲೆ ಒಂದು ಗೆರೆ ನಗು ಇಲ್ಲದೆ ಹೇಳಿದರು:

"ಬರ್ರಿ ಸಾಹೇಬ್ರ. ಚೀಲಾ ತಂದು ಧಾರಾಳ ಇಡ್ರಿ, ನಮ್ಮ ತಕರಾರಿಲ್ಲ. ಕಲ್ಲು ಈ ಕಡಿ, ಜ್ವಾಳ ಆ ಕಡಿ. ನಮ್ಮ ಹೊಲದ ಜ್ವಾಳಾನ ಅಲ್ಲೇನ್ರಿ? ನಾವ ಕಾಯ್ತೀವಿ."

ಗಿರದಾವರ ಚೀಲಗಳನ್ನು ನೋಡಿದ. ಸಾಲಾಗಿ ಕೂತ ನಮ್ಮನ್ನೂ, ನಮ್ಮ ಮುಂದಿನ ಕಲ್ಲುಗಳನ್ನೂ ನೋಡಿದ. ಗೌಡರ ಕಡೆ ತಿರುಗಿ, "ಹೋಷ್‌ನ್ಯಾಗ ಅದೀರೇನ್ರಿ ಗೌಡ್ರ? ಇಷ್ಟು ಬೀಸುಕಲ್ಲಿನ ನಡುವ ಸರ್ಕಾರಿ ಜ್ವಾಳ ಇಟ್ಟು ನನ್ನ ನೌಕರಿ ಹಿಟ್ಟು ಮಾಡ್ತೀರೇನು? ನಿಮ್ಮ ದನದ ಪಡಸಾಲಿ ತೋರಿಸ್ರಿ, ನಡೀರಿ" ಎಂದ. ಬಂಡಿಗಳು ತಿರುಗಿದವು.

ಹೋಗುತ್ತ ಗೌಡರು, "ಆತಲ್ಲ, ಇನ್ನ ಕಲ್ಲು ಮನಿಗೆ ಒಯ್ಯಿರಿ" ಎಂದರು. "ಎತ್ತಿ ಎತ್ತಿ ನಡಾ ಹಿಡಿದೈತಿ. ಇಲ್ಲೇ ಇರ್ಲಿ ಬಿಡೋ" ಎಂದರು ಅತ್ತೆ. ಆ ವರ್ಷ ಗೌಡರು ಹೊಲ ಕೊಡಲಿಲ್ಲ. ನಾವು ಕೂಲಿಗೆ ಹೋದೆವು. ಅಂಬಲಿ ಇತ್ತು, ಉಪವಾಸ ಮಲಗಲಿಲ್ಲ. ಭಜನಿ ಹಿಡಿಯನ್ನೂ ತಪ್ಪಿಸಲಿಲ್ಲ, ಹಿಡಿ ಸಣ್ಣದಾಯಿತು ಅಷ್ಟೆ.

ಬಂಡಿ ತಿರುಗಿದ ಮೇಲಿನ ಮಾತು ಇನ್ನೊಂದಿದೆ. ನಾದಿನಿ ಅತ್ತೆಯ ಕಲ್ಲಿನ ಗೂಟ ಹಿಡಿದು ಸುಮ್ಮನೇ ಕೂತಿದ್ದಳು. ಅತ್ತೆ ಅವಳ ಎದುರು ಕೂತು ತಾವೂ ಗೂಟ ಹಿಡಿದರು. ಒಂದು ಹಿಡಿ ಕಾಳು ಹಾಕಿ, ಒಡೆದ ಗಂಟಲಲ್ಲಿ ಪದ ಎತ್ತಿದರು. ಎರಡು ಸಾಲಿಗೆ ನಿಲ್ಲಿಸಿ, "ಮುಂದಿಂದು ಏನವಾ? ಮರ್ತುಬಿಟ್ಟೀನಿ" ಎಂದರು.

ಮಗಳಿಗೆ ಆ ಪದ ಕಲಿಸಿದವರೇ ಅವರು. ನಾದಿನಿಗೂ ಅದು ಗೊತ್ತಿತ್ತು. ತಾಯಿಯ ಮುಖ ನೋಡಿದಳು, ಕಲ್ಲು ಎಳೆದಳು, ಮುಂದಿನ ಸಾಲು ಹಾಡಿದಳು. ಕಟ್ಟೆಯ ಕೆಳಗಿನಿಂದಲೂ ಯಾರೋ ದನಿ ಕೂಡಿಸಿದರು. ದನದ ಪಡಸಾಲೆಯವರೆಗೆ ಕೇಳಲಿ ಎಂದು ನಾನು ಎಲ್ಲರಿಗಿಂತ ಜೋರಾಗಿ ಹಾಡಿದೆ.